ಮಾಂಡವಿಯಲ್ಲಿ ಸಣ್ಣ ಬೋಟು ನಡೆಸುವುದು: ದಕ್ಕೆ ಬಿಡುವುದು, ದಕ್ಕೆ ಹಿಡಿಯುವುದು ಮತ್ತು ನಡುವಿನ ನೀರು

ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟುವ ಹೊಳೆ ಪಣಜಿ ತಲುಪುವ ಹೊತ್ತಿಗೆ ಮಾಂಡವಿಯಾಗಿರುತ್ತದೆ. ಅಷ್ಟೇ ಅಲ್ಲ, ಮಳೆಗಾಲ ಬಿಟ್ಟರೆ ಉಳಿದ ತಿಂಗಳುಗಳಲ್ಲಿ ಅದು ದಿನಕ್ಕೆ ಸುಮಾರು ನಾಲ್ಕು ಬಾರಿ ಹರಿಯುವ ದಿಕ್ಕನ್ನೇ ಬದಲಿಸುತ್ತದೆ. ಕೆಲಸಕ್ಕೆಂದು ವಾಸ್ಕೊ, ಪಣಜಿ, ಮಡಗಾಂವ್ ಕಡೆ ಬಂದು ನೆಲೆಸಿದ ನಮ್ಮವರಲ್ಲಿ ಕೆಲವರು ಈಚೆಗೆ ಮೂರ್ನಾಲ್ಕು ಮಂದಿ ಸೇರಿ ಹಳೆಯ ಫೈಬರ್ ಬೋಟೊಂದನ್ನು ಕೊಳ್ಳುವುದು, ಭಾನುವಾರ ಹೊಳೆಗಿಳಿಯುವುದು ಕಾಣುತ್ತಿದೆ. ನಾವು ಮೂವರು ಸೇರಿ ಕೊಂಡದ್ದು 18 ಅಡಿಯದು, 40 ಅಶ್ವಶಕ್ತಿಯ ಔಟ್‌ಬೋರ್ಡ್ ಎಂಜಿನ್ (ಹಿಂಬದಿಗೆ ಹೊರಗಿನಿಂದ ಸಿಕ್ಕಿಸಿದ ಎಂಜಿನ್) ಇರುವಂಥದ್ದು. ಅಂಥ ಬೋಟಿರುವವರಿಗಾಗಿ, ಅಕ್ಟೋಬರ್‌ನಿಂದ ಮೇವರೆಗಿನ ದಿನಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಸಿದ್ಧಪಡಿಸಿದ್ದೇನೆ. ದಕ್ಕೆಯೆಂದರೆ ಬೋಟು ಕಟ್ಟುವ ದಡದ ಕಟ್ಟೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೋಟನ್ನು ದಡಕ್ಕೆಳೆದು ಟಾರ್ಪಾಲು ಹೊದಿಸುವುದೇ ಸರಿಯಾದ ಕ್ರಮ.

ನನಗೆ ಕಲಿಸಿದವರು ಅಂಕೋಲೆ ಕಡೆಯ ಒಬ್ಬ ಮುದಿ ತಾಂಡೇಲರು, ಅಂದರೆ ಬೋಟಿನ ಮುಖ್ಯ ನಾವಿಕರು. ಮೊದಲ ದಿನ ನಾನು ನೇರವಾಗಿ ಎಂಜಿನ್ನಿನ ಹತ್ತಿರ ಹೋಗಿ ನಿಂತಾಗ ಅವರು ಹೇಳಿದ್ದು ಒಂದೇ ಮಾತು: "ತಮಾ, ಮೊದ್ಲು ನೀರು ನೋಡು, ಕಡಿಗೆ ಕೀಲಿ ಮುಟ್ಟು." ಮುಂದೆ ಹೇಳುವುದೆಲ್ಲ ಒಂದು ರೀತಿಯಲ್ಲಿ ಆ ಮಾತಿನ ವಿವರಣೆಯೇ.

ನೀರು ನೋಡುವುದು

ಗೋವೆಯ ತೀರದಲ್ಲಿ ಸುಮಾರು ಆರು ತಾಸು ಉಬ್ಬರ, ಆರು ತಾಸು ಇಳಿತ. ಇಲ್ಲಿನ ಕೊಂಕಣಿಯಲ್ಲಿ ಭರತಿ ಮತ್ತು ಸುಕತಿ. ಉಬ್ಬರದ ಹೊತ್ತು ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಎರಡು ಮೀಟರಿಗೂ ಮಿಕ್ಕಿ ಏರಿಳಿಯುವುದರಿಂದ ಹರಿವೂ ಬಿರುಸಾಗಿರುತ್ತದೆ. ಅಷ್ಟಮಿಯ ಸುಮಾರಿಗೆ ಎರಡೂ ತಗ್ಗುತ್ತವೆ. ಆದ್ದರಿಂದ ಹೊಸಬರು ಪಂಚಾಂಗ ನೋಡಿ ಅಷ್ಟಮಿಯ ಹತ್ತಿರದ ಭಾನುವಾರವನ್ನು ಆರಿಸಿಕೊಳ್ಳಬೇಕೆಂದು ನಾನು ಹೇಳಿದರೆ ಅದು ಮುಹೂರ್ತದ ಮಾತಲ್ಲ. ಏರಿಳಿತದ ಹೊತ್ತಿಗೆ ಮೊರ್ಮುಗಾಂವ್ ಬಂದರಿನ ಉಬ್ಬರ-ಇಳಿತ ಪಟ್ಟಿಯನ್ನು ನೋಡಬೇಕು. ಪಣಜಿಯಿಂದ ಒಳಕ್ಕೆ ಹೋದಷ್ಟೂ ಉಬ್ಬರ ತಡವಾಗಿ ಮುಟ್ಟುತ್ತದೆ ಎಂಬುದನ್ನು ಅದಕ್ಕೆ ಸೇರಿಸಿಕೊಳ್ಳಬೇಕು.

ನೀರು ಆರು ತಾಸಿನಲ್ಲಿ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ತಾಸಿನಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯ ತಾಸುಗಳಲ್ಲಿ ಮೂರು ಮೂರು, ಐದನೆಯದರಲ್ಲಿ ಎರಡು, ಕೊನೆಯದರಲ್ಲಿ ಒಂದು ಎಂದು ನಾವಿಕರು ಲೆಕ್ಕ ಹಾಕುತ್ತಾರೆ. ಎರಡು ಮೀಟರ್ ಏರುವ ದಿನ ನಡುವಿನ ಎರಡು ತಾಸುಗಳಲ್ಲೇ ಒಂದು ಮೀಟರ್ ನೀರು ಬರುತ್ತದೆ ಎಂದಾಯಿತು. ಆ ಹೊತ್ತಿನಲ್ಲಿ ಮಾಂಡವಿಯ ಹರಿವು ಸೆಕೆಂಡಿಗೆ ಒಂದು ಮೀಟರಿನಷ್ಟಾಗಬಲ್ಲದು, ಅಂದರೆ ಸುಮಾರು ಎರಡು ನಾಟ್. ಕೇಳಲು ಇದು ಚಿಕ್ಕ ಅಂಕಿ. ಆದರೆ ಹಗ್ಗ ಬಿಚ್ಚಿದ ಮೇಲೆ ಎಂಜಿನ್ ಹಿಡಿಯದೆ ನೀವು ಒಂದು ನಿಮಿಷ ಅದರ ಸ್ಟಾರ್ಟರ್ ಹಗ್ಗ ಜಗ್ಗುತ್ತಾ ನಿಂತರೆ ಬೋಟು 60 ಮೀಟರ್ ಸಾಗಿರುತ್ತದೆ, ಮತ್ತು ಅದು ಸಾಗುವುದು ಪಕ್ಕದಲ್ಲಿ ಕಟ್ಟಿರುವ ಯಾರದೋ ಬೋಟಿನ ಕಡೆಗೇ. ಎಂಜಿನ್ ಚಾಲೂ ಆಗಿ ಒಂದೆರಡು ನಿಮಿಷ ಸರಿಯಾಗಿ ಓಡುವವರೆಗೆ ಹಗ್ಗ ಬಿಚ್ಚಬಾರದೆಂಬುದು ಇದಕ್ಕೇ.

ಪಟ್ಟಿ ಏನೇ ಹೇಳಲಿ, ಕಣ್ಣಿಗೆ ಕಾಣುವುದನ್ನು ನಂಬಬೇಕು. ಲಂಗರು ಹಾಕಿ ನಿಂತ ಬೋಟುಗಳ ಮೂತಿ ಯಾವ ಕಡೆಗಿದೆ, ಬೋಯಾ (ದಾರಿ ತೋರಲು ತೇಲಿಬಿಟ್ಟ ಗುರುತು) ಯಾವ ಕಡೆಗೆ ವಾಲಿದೆ, ಸೇತುವೆಯ ಕಂಬಗಳ ಯಾವ ಬದಿಯಲ್ಲಿ ನೀರು ಉಬ್ಬಿ ಯಾವ ಬದಿಯಲ್ಲಿ ಸುಳಿಯುತ್ತಿದೆ ಎಂದು ಎರಡು ನಿಮಿಷ ನೋಡಿದರೆ ಸಾಕು. ಗಾಳಿಯನ್ನು ಬೇರೆಯಾಗಿ ಗಮನಿಸಬೇಕು. ಬೇಸಿಗೆಯಲ್ಲಿ ಬೆಳಿಗ್ಗೆ ಹೊಳೆ ಕನ್ನಡಿಯಂತಿದ್ದರೂ ಮಧ್ಯಾಹ್ನದ ಮೇಲೆ ವಾಯವ್ಯದ ಕಡಲಗಾಳಿ ಏಳುತ್ತದೆ. ಇಳಿತದ ನೀರು ಪಡುವಣಕ್ಕೆ ಹೋಗುವಾಗ ಈ ಗಾಳಿ ಎದುರಾದರೆ ಅಳಿವೆಯ ಬಳಿ ತೆರೆಗಳು ಗಿಡ್ಡವಾಗಿ, ಕಡಿದಾಗಿ, ಒಂದರ ಬೆನ್ನಿಗೊಂದು ಏಳುತ್ತವೆ. ಬೆಳಿಗ್ಗೆ ಹೋದ ದಾರಿಯಲ್ಲೇ ಮಧ್ಯಾಹ್ನ ಮರಳಿದವರಿಗೆ ಅದು ಬೇರೆಯೇ ಹೊಳೆಯೆನಿಸುವುದು ಇದರಿಂದ.

ಬೋಟು ತಿರುಗುವ ರೀತಿ

ಕಾರು ಮುಂದಿನ ಗಾಲಿಗಳಿಂದ ತಿರುಗುತ್ತದೆ, ಬೋಟು ಹಿಂಬದಿಯಿಂದ. ಸ್ಟಿಯರಿಂಗ್ ಚಕ್ರವನ್ನು ಬಲಕ್ಕೆ ತಿರುಗಿಸಿದಾಗ ಪ್ರೊಪೆಲರ್ ಹಿಂಬದಿಯನ್ನು ಎಡಕ್ಕೆ ತಳ್ಳುತ್ತದೆ. ಮೂತಿಯಿಂದ ಸುಮಾರು ಮೂರನೆಯ ಒಂದು ಭಾಗದಲ್ಲಿರುವ ಒಂದು ಬಿಂದುವಿನ ಸುತ್ತ ಇಡೀ ಬೋಟು ಸುತ್ತುತ್ತದೆ. ಹಿಂದಕ್ಕೆ ಚಲಿಸುವಾಗ ಆ ಬಿಂದುವೂ ಹಿಂದಕ್ಕೆ ಸರಿಯುವುದರಿಂದ ಮೂತಿಯೇ ದೊಡ್ಡದಾಗಿ ಬೀಸುತ್ತದೆ. ಎಡಕ್ಕೆ ದಕ್ಕೆಯಿದ್ದಾಗ ಹೊಸಬರು ಕಾರನ್ನು ಹೊರಡಿಸಿದಂತೆ ಚಕ್ರವನ್ನು ಬಲಕ್ಕೆ ತಿರುಗಿಸಿ ಮುಂದಕ್ಕೆ ಹೊರಟರೆ ಮೂತಿ ಚೆಂದವಾಗಿ ಹೊರಬರುತ್ತದೆ, ಹಿಂಬದಿ ಮಾತ್ರ ದಕ್ಕೆಯ ಕಲ್ಲಿಗೆ ಬಡಿಯುತ್ತದೆ. ನಮ್ಮ ಬೋಟಿನ ಹಿಂಮೂಲೆಯಲ್ಲಿ ಅಂಗೈಯಗಲದ ಒಂದು ತೇಪೆಯಿದೆ. ಮೊದಲ ತಿಂಗಳ ಆ ಗುರುತನ್ನು ಉಳಿದ ಇಬ್ಬರು ಪಾಲುದಾರರು ಇಂದಿಗೂ ಬಂದವರಿಗೆಲ್ಲ ತೋರಿಸುತ್ತಾರೆ.

ಇನ್ನೆರಡು ಸಂಗತಿಗಳನ್ನು ಕೈಗೆ ರೂಢಿ ಮಾಡಿಸಬೇಕು. ಬೋಟಿಗೆ ಬ್ರೇಕಿಲ್ಲ, ನಿಲ್ಲಿಸುವುದೆಂದರೆ ರಿವರ್ಸ್ ಗೇರು, ಅದೂ ತಕ್ಷಣ ನಿಲ್ಲಿಸುವುದಿಲ್ಲ. ಎರಡನೆಯದಾಗಿ, ಔಟ್‌ಬೋರ್ಡ್ ಬೋಟಿಗೆ ಪ್ರತ್ಯೇಕ ಚುಕ್ಕಾಣಿಯ ಹಲಗೆ ಇರುವುದಿಲ್ಲವಾದ್ದರಿಂದ ಪ್ರೊಪೆಲರ್ ತಿರುಗದಿದ್ದರೆ ಬೋಟು ಚಕ್ರದ ಮಾತನ್ನು ಹೆಚ್ಚು ಕೇಳುವುದಿಲ್ಲ. ಹೀಗಾಗಿ ನಿಧಾನವಾಗಿ ನಡೆಸುವಾಗ ಕ್ರಮ ಹೀಗೆ: ನ್ಯೂಟ್ರಲ್‌ನಲ್ಲಿರುವಾಗಲೇ ಚಕ್ರವನ್ನು ಬೇಕಾದ ಕಡೆಗೆ ತಿರುಗಿಸಿ, ಆಮೇಲೆ ಒಂದೆರಡು ಸೆಕೆಂಡು ಗೇರು ಹಾಕಿ, ಮತ್ತೆ ನ್ಯೂಟ್ರಲ್‌ಗೆ ತನ್ನಿ. ಗೇರು ಹಾಕಿದ ಮೇಲೆ ಚಕ್ರ ತಿರುಗಿಸಿದರೆ ಮೊದಲ ತಳ್ಳು ಬೇಡದ ದಿಕ್ಕಿಗೆ ಹೋಗಿರುತ್ತದೆ. ಎಕ್ಸಿಲರೇಟರ್ ಮುಟ್ಟದೆ ಬರೀ ಗೇರಿನಿಂದ ಬೋಟನ್ನು ತನ್ನ ಉದ್ದದಷ್ಟೇ ಜಾಗದಲ್ಲಿ ತಿರುಗಿಸಲು ಬಂದರೆ ಅರ್ಧ ವಿದ್ಯೆ ಬಂದಂತೆಯೇ ಸರಿ. ಎಂಜಿನ್ ಒಳಗಿರುವ ಬೋಟುಗಳಲ್ಲಿ ರಿವರ್ಸ್ ಹಾಕಿದಾಗ ಹಿಂಬದಿ ಒಂದು ಪಕ್ಕಕ್ಕೆ ಎಳೆಯುತ್ತದೆ, ಬಲಸುತ್ತಿನ ಪ್ರೊಪೆಲರ್ ಆದರೆ ಎಡಕ್ಕೆ. ದಕ್ಕೆಗೆ ಕಟ್ಟಿರುವಾಗಲೇ ಒಮ್ಮೆ ರಿವರ್ಸ್ ಹಾಕಿ ಯಾವ ಪಕ್ಕದಿಂದ ನೊರೆನೀರು ಮುಂದಕ್ಕೆ ಬರುತ್ತದೆಂದು ನೋಡಿದರೆ ಅದು ಗೊತ್ತಾಗುತ್ತದೆ: ನೊರೆ ಕಂಡ ಪಕ್ಕಕ್ಕೆ ವಿರುದ್ಧವಾಗಿ ಹಿಂಬದಿ ಸರಿಯುತ್ತದೆ.

ದಕ್ಕೆ ಬಿಡುವುದು

ಹೊರಡುವ ಮುಂಚಿನ ಕೆಲಸಗಳನ್ನು ಎಲ್ಲರೂ ಬಲ್ಲರು, ಆದರೂ ಮರೆಯುತ್ತಾರೆ. ಎಲ್ಲರ ಮೈಮೇಲೆ ಲೈಫ್ ಜಾಕೆಟ್ ಇರಬೇಕು, ಸೀಟಿನ ಕೆಳಗಲ್ಲ. ಎಂಜಿನ್ ನಿಲ್ಲಿಸುವ ಕೆಂಪು ಸುರುಳಿ ಹಗ್ಗವನ್ನು, ಅಂದರೆ ಕಿಲ್ ಕಾರ್ಡನ್ನು, ನಡೆಸುವವರ ಮೈಗೆ ಸಿಕ್ಕಿಸಿರಬೇಕು. ಔಟ್‌ಬೋರ್ಡಿನ ಹಿಂದಿನ ಸಣ್ಣ ತೂತಿನಿಂದ ತಂಪು ಮಾಡುವ ನೀರು ಚಿಮ್ಮುತ್ತಿರಬೇಕು. ಪೆಟ್ರೋಲನ್ನು ಮೂರು ಪಾಲು ಮಾಡಿ ಒಂದು ಹೋಗಲು, ಒಂದು ಬರಲು, ಒಂದು ಆಪತ್ತಿಗೆ ಎಂದು ಎಣಿಸಬೇಕು. ಒಂದು ಜೊತೆ ಹುಟ್ಟು ಇರಲಿ. ಬೋಟಿನ ನೋಂದಣಿಯ ವಿಚಾರಕ್ಕೆ ಪಣಜಿಯಲ್ಲಿ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆಯಿದೆ.

ಗಾಳಿ ದಕ್ಕೆಯಿಂದ ಹೊರಕ್ಕೆ ಬೀಸುತ್ತಿದ್ದರೆ ಹಗ್ಗ ಬಿಚ್ಚಿ ಸುಮ್ಮನೆ ನಿಂತರೂ ಸಾಕು. ಪಣಜಿಯಿರುವುದು ಹೊಳೆಯ ತೆಂಕಣ ದಡದಲ್ಲಾದ್ದರಿಂದ ಮಧ್ಯಾಹ್ನದ ವಾಯವ್ಯ ಗಾಳಿ ಬೋಟನ್ನು ದಕ್ಕೆಗೇ ಒತ್ತಿ ಹಿಡಿಯುತ್ತದೆ. ಆಗ ತೋಳಬಲದಿಂದ ತಳ್ಳಿ ಬಿಡಿಸಲು ಹೋಗಿ ದಕ್ಕೆಗೂ ಬೋಟಿಗೂ ನಡುವೆ ಕಾಲು ಚಾಚುವವರನ್ನು ಕಾಣುತ್ತೇವೆ. ಒಂದು ಟನ್ನಿನ ಹತ್ತಿರ ತೂಗುವ ಬೋಟನ್ನು ಕಾಲಿನಿಂದ ತಡೆಯಲು ಬರುವುದಿಲ್ಲ; ಕೈಕಾಲನ್ನು ಎಂದಿಗೂ ಆ ಸಂದಿಗೆ ಕೊಡಬಾರದು. ಆ ಕೆಲಸವನ್ನು ಒಂದು ಹಗ್ಗ ಸುಲಭವಾಗಿ ಮಾಡುತ್ತದೆ. ಮೂತಿಯ ಗೂಟದಿಂದ ಹೊರಟ ಹಗ್ಗವನ್ನು ದಕ್ಕೆಯ ಮೇಲೆ, ಬೋಟಿನ ಹಿಂಬದಿಯ ನೇರಕ್ಕಿರುವ ಗೂಟಕ್ಕೆ ಒಂದು ಸುತ್ತು ಹಾಕಿ ಅದರ ತುದಿಯನ್ನು ಮರಳಿ ಬೋಟಿಗೇ ತಂದುಕೊಳ್ಳಿ. ಉಳಿದ ಹಗ್ಗಗಳನ್ನೆಲ್ಲ ಬಿಚ್ಚಿ. ಮೂತಿಗೂ ದಕ್ಕೆಗೂ ನಡುವೆ ಒಳ್ಳೆಯ ಫೆಂಡರ್ (ಪೆಟ್ಟು ತಡೆಯುವ ಮೆತ್ತೆ) ಇಳಿಬಿಟ್ಟು, ಚಕ್ರವನ್ನು ದಕ್ಕೆಯ ಕಡೆಗೇ ತಿರುಗಿಸಿ, ಮುಂದಿನ ಗೇರನ್ನು ಮೆಲ್ಲಗೆ ಹಾಕಿ. ಹಗ್ಗ ಬಿಗಿಯುತ್ತದೆ, ಬೋಟು ಮುಂದೆ ಹೋಗಲಾರದು, ಹಿಂಬದಿ ಮಾತ್ರ ಬಾಗಿಲು ತೆರೆದಂತೆ ಹೊಳೆಯ ಕಡೆಗೆ ತೆರೆದುಕೊಳ್ಳುತ್ತದೆ. ನಲವತ್ತು ಡಿಗ್ರಿಯಷ್ಟು ತೆರೆದ ಮೇಲೆ ನ್ಯೂಟ್ರಲ್‌ಗೆ ತಂದು, ಚಕ್ರ ನೇರ ಮಾಡಿ, ಹಗ್ಗದ ಒಂದು ತುದಿಯನ್ನು ಬಿಟ್ಟು ಇನ್ನೊಂದರಿಂದ ಪೂರ್ತಿ ಒಳಗೆಳೆದುಕೊಂಡು, ರಿವರ್ಸ್‌ನಲ್ಲಿ ಹೊರಬನ್ನಿ. ಆ ಹಗ್ಗದ ತುದಿಗೆ ಗಂಟಿರಬಾರದು, ನೀರಿಗೆ ಜೋಲಿ ಬೀಳಲೂಬಾರದು. ಪ್ರೊಪೆಲರಿಗೆ ಸುತ್ತಿಕೊಂಡರೆ ಆ ದಿನದ ವಿಹಾರ ಅಲ್ಲಿಗೇ ಮುಗಿಯುತ್ತದೆ.

ದಕ್ಕೆ ಹಿಡಿಯುವುದು

ಎಷ್ಟೇ ಪುಟಗಳಲ್ಲಿ ಬರೆದರೂ ಮುಗಿಯದ ಭಾಗವಿದು. ಮೊದಲ ನಿಯಮ, ಗಾಳಿ ಮತ್ತು ಹರಿವುಗಳಲ್ಲಿ ಯಾವುದು ಜೋರಾಗಿದೆಯೋ ಅದಕ್ಕೆ ಎದುರಾಗಿ ಬರುವುದು. ಪಣಜಿಯ ಕಡೆ ಇಳಿತದ ಹೊತ್ತಿನಲ್ಲಿ ನೀರು ಪಡುವಣಕ್ಕೆ ಓಡುತ್ತದೆ; ಆದ್ದರಿಂದ ಮೂತಿಯನ್ನು ಮೂಡಣಕ್ಕೆ ಮಾಡಿ ಬಂದರೆ ದಕ್ಕೆ ನಿಮ್ಮ ಬಲಕ್ಕೆ ಸಿಗುತ್ತದೆ. ಉಬ್ಬರದಲ್ಲಿ ಇದು ತಿರುವುಮುರುವಾಗಿ ದಕ್ಕೆ ಎಡಕ್ಕೆ ಬರುತ್ತದೆ. ಎದುರು ಹರಿವಿನಲ್ಲಿ ಬಂದಾಗ ಪ್ರೊಪೆಲರ್ ತಿರುಗುತ್ತಿದ್ದರೂ ದಕ್ಕೆಯ ಲೆಕ್ಕದಲ್ಲಿ ಬೋಟು ನಿಂತಂತೆಯೇ ಇರುತ್ತದೆ, ಅಂದರೆ ಚಕ್ರವೂ ಮಾತು ಕೇಳುತ್ತದೆ, ಡಿಕ್ಕಿಯೂ ಆಗುವುದಿಲ್ಲ. ಹರಿವಿನ ಜೊತೆಗೇ ಬಂದರೆ ನಿಲ್ಲಬೇಕಾದ ಜಾಗದಲ್ಲೂ ನೀರು ನಿಮ್ಮನ್ನು ಎರಡು ನಾಟ್ ವೇಗದಲ್ಲಿ ಒಯ್ಯುತ್ತಿರುತ್ತದೆ.

ಫೆಂಡರ್‌ಗಳನ್ನೂ ಹಗ್ಗಗಳನ್ನೂ ಹೊಳೆಯ ನಡುವೆಯೇ ಸಿದ್ಧ ಮಾಡಿಕೊಂಡು, ಬೇಕಾದ ಜಾಗವನ್ನು ಮೊದಲು ಒಮ್ಮೆ ದೂರದಿಂದ ಹಾದು ನೋಡಿ. ಆಮೇಲೆ ದಕ್ಕೆಗೆ ಇಪ್ಪತ್ತು ಮೂವತ್ತು ಡಿಗ್ರಿ ಓರೆಯಲ್ಲಿ, ಕಟ್ಟಬೇಕಾದ ಜಾಗದ ನಟ್ಟನಡುವೆ ಮೂತಿಯನ್ನಿಟ್ಟು, ಒಂದೆರಡು ಸೆಕೆಂಡು ಗೇರು, ನಾಲ್ಕೈದು ಸೆಕೆಂಡು ನ್ಯೂಟ್ರಲ್ ಎಂದು ಮಾಡುತ್ತ ಬನ್ನಿ. ಬೋಟಿನ ಉದ್ದದಷ್ಟು ದೂರವಿದ್ದಾಗ ನ್ಯೂಟ್ರಲ್‌ಗೆ ತಂದು ಚಕ್ರವನ್ನು ದಕ್ಕೆಯಿಂದ ಆಚೆಗೆ ತಿರುಗಿಸಿ ಒಂದು ಸಣ್ಣ ತಳ್ಳು ಕೊಡಿ. ಮೂತಿ ಹೊರಳಿ ಬೋಟು ದಕ್ಕೆಗೆ ಸಮಾನಾಂತರವಾಗುತ್ತದೆ. ಕೂಡಲೇ ಚಕ್ರವನ್ನು ಪೂರ್ತಿ ದಕ್ಕೆಯ ಕಡೆಗೆ ತಿರುಗಿಸಿ ಅರೆಕ್ಷಣ ರಿವರ್ಸ್ ಹಾಕಿದರೆ ಅದೊಂದೇ ಏಟಿಗೆ ಮುನ್ನಡೆಯೂ ನಿಲ್ಲುತ್ತದೆ, ಹಿಂಬದಿಯೂ ದಕ್ಕೆಗೆ ಸೇರುತ್ತದೆ. ಕೈಗೆ ಇದು ಒಗ್ಗಿದ ದಿನ ದಕ್ಕೆಯ ಮೇಲೆ ಕುಳಿತು ಬೀಡಿ ಸೇದುವವರು ನಿಮ್ಮ ಕಡೆ ನೋಡುವುದನ್ನು ನಿಲ್ಲಿಸುತ್ತಾರೆ; ನಮ್ಮ ಪಾಲಿಗೆ ಅದೇ ಪ್ರಶಸ್ತಿ.

ಮೊದಲು ಕಟ್ಟಬೇಕಾದದ್ದು ಹರಿವು ಬರುವ ಕಡೆಯ ಹಗ್ಗವನ್ನು. ಜೊತೆಗಿದ್ದವರು ಹಗ್ಗ ಹಿಡಿದು ದಕ್ಕೆಗೆ ಹಾರುವುದು ನನಗೆ ಸ್ವಲ್ಪವೂ ಸರಿಬರುವುದಿಲ್ಲ. ಅವರು ಕಾಲೆತ್ತಿ ಇಡುವಷ್ಟು ಹತ್ತಿರಕ್ಕೆ ತರಲು ಆಗಲಿಲ್ಲವೆಂದರೆ ತಪ್ಪು ನಡೆಸುವವನದು, ಅವನು ಮತ್ತೆ ಹೊರಗೆ ಹೋಗಿ ಮೊದಲಿನಿಂದ ಬರಬೇಕು. ದಕ್ಕೆಗೆ ಬರುವ ಕ್ರಮ ಕೆಟ್ಟ ಮೇಲೆ ಅದನ್ನು ಕೊನೆಯ ಐದು ಮೀಟರಿನಲ್ಲಿ ರಿಪೇರಿ ಮಾಡಲು ಹೋಗುವುದರಿಂದಲೇ ಹೆಚ್ಚಿನ ಪೆಟ್ಟುಗಳಾಗುತ್ತವೆ.

ಇದನ್ನು ದಕ್ಕೆಯಲ್ಲೇ ಕಲಿಯಬೇಕೆಂದಿಲ್ಲ. ಅರ್ಧ ನೀರು ತುಂಬಿದ ಐದು ಲೀಟರಿನ ಕ್ಯಾನಿಗೆ ಹಗ್ಗ ಮತ್ತು ಕಲ್ಲು ಕಟ್ಟಿ ಬೋಟುಗಳ ಓಡಾಟವಿಲ್ಲದ ಕಡೆ ಇಳಿಬಿಡಿ. ಅದರ ಪಕ್ಕಕ್ಕೆ ಬಂದು, ಅದನ್ನು ಮುಟ್ಟದೆ, ಹತ್ತು ಎಣಿಸುವವರೆಗೆ ಅಲ್ಲೇ ನಿಲ್ಲಲು ಪ್ರಯತ್ನಿಸಿ. ಮೊದಲು ಹರಿವಿಗೆ ಎದುರಾಗಿ, ಆಮೇಲೆ ಅಡ್ಡಲಾಗಿ, ಕೊನೆಗೆ ರಿವರ್ಸ್‌ನಲ್ಲಿ. ಕ್ರಮವಾಗಿ ಕಲಿಯುವ ಮನಸ್ಸಿರುವವರಿಗೆ ಗೋವೆಯಲ್ಲೇ ರಾಷ್ಟ್ರೀಯ ಜಲಕ್ರೀಡಾ ಸಂಸ್ಥೆಯಿದೆ.

ನಡುವಿನ ನೀರು

ಹೊಳೆಯಲ್ಲಿ ಬಲಬದಿಯನ್ನು ಹಿಡಿದು ಸಾಗಬೇಕು. ರಸ್ತೆಯ ರೂಢಿ ಇಲ್ಲಿ ನಡೆಯದು. ಎದುರಿನಿಂದ ಬೋಟು ಬಂದರೆ ಇಬ್ಬರೂ ಬಲಕ್ಕೆ ತಿರುಗಬೇಕು. ಅಡ್ಡ ಬರುವ ಎಂಜಿನ್ ಬೋಟು ನಿಮ್ಮ ಬಲಗಡೆಯಲ್ಲಿದ್ದರೆ ದಾರಿ ಅದರದು, ನೀವು ಅದರ ಬೆನ್ನ ಹಿಂದಿನಿಂದ ಹೋಗಬೇಕು. ಆದರೆ ಅದಿರಿನ ಬಾರ್ಜು ಬಂದಾಗ ಈ ಲೆಕ್ಕವನ್ನೇ ಹಾಕಬೇಡಿ: ಆಳವಾದ ಕಾಲುವೆ ಬಿಟ್ಟು ಅದಕ್ಕೆ ಬೇರೆ ದಾರಿಯಿಲ್ಲ, ಅದನ್ನು ಬೇಗ ನಿಲ್ಲಿಸಲೂ ಬರುವುದಿಲ್ಲ. ಬೇತಿಮ್ ಮತ್ತು ಚೋಡಣದ ಫೆರಿಗಳು ಹೊಳೆಯನ್ನು ಅಡ್ಡ ದಾಟುತ್ತಲೇ ಇರುತ್ತವೆ. ಫೆರಿಯ ಮುಂದೆ ನುಸುಳುವ ಆಸೆಯನ್ನು ಬಿಟ್ಟು ವೇಗ ತಗ್ಗಿಸಿ ಹಿಂದಿನಿಂದ ದಾಟಿ. ದೊಡ್ಡ ಬೋಟೆಬ್ಬಿಸಿದ ತೆರೆಯನ್ನು ಪಕ್ಕಕ್ಕೆ ತೆಗೆದುಕೊಳ್ಳದೆ, ವೇಗ ಕಡಿಮೆ ಮಾಡಿ ಮೂತಿಯಿಂದ ಓರೆಯಾಗಿ ಹತ್ತಿ ಇಳಿಯಬೇಕು.

ಪಣಜಿಯ ಎದುರು ಲಂಗರು ಹಾಕಿ ನಿಂತ ಕ್ಯಾಸಿನೊ ಹಡಗುಗಳ ಬಗ್ಗೆ ಒಂದು ಎಚ್ಚರಿಕೆ. ನಿಂತ ಹಡಗಿನಿಂದ ಅಪಾಯವಿಲ್ಲವೆಂದು ತೋರುತ್ತದೆ, ಆದರೆ ಹರಿವು ಬರುವ ಬದಿಯಲ್ಲಿ ಅದರ ಮೂತಿಯ ಹತ್ತಿರ ಅಡ್ಡಹಾಯುವಾಗ ನಿಮ್ಮ ಎಂಜಿನ್ ನಿಂತುಹೋದರೆ ನೀರು ನಿಮ್ಮನ್ನು ನೇರವಾಗಿ ಅದರ ಸರಪಳಿಗೆ ಒಯ್ದು ಅಡ್ಡಲಾಗಿ ಒರಗಿಸುತ್ತದೆ, ಹಾಗೆ ಒರಗಿದ ಸಣ್ಣ ಬೋಟು ಮಗುಚುವುದು ಕ್ಷಣದ ಮಾತು. ಸೇತುವೆ ಕಂಬಗಳಿಗೂ ಇದೇ ಮಾತು. ನಿಂತದ್ದನ್ನೆಲ್ಲ ಹರಿವು ಅದನ್ನು ದಾಟಿ ಹೋಗುವ ಬದಿಯಿಂದಲೇ ದಾಟಬೇಕು.

ಬೋಯಾಗಳ ವಿಷಯದಲ್ಲಿ ಭಾರತದ ಕ್ರಮ, ಸಮುದ್ರದಿಂದ ಒಳಗೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ. ಅಮೆರಿಕದಲ್ಲಿ ಇದು ತದ್ವಿರುದ್ಧ. ಯೂಟ್ಯೂಬಿನಲ್ಲಿ ಅಲ್ಲಿಯವರ ಪಾಠ ಕೇಳಿ ಬಂದವರು ಅಳಿವೆಯಲ್ಲಿ ಮರಳಿನ ದಿಬ್ಬವನ್ನು ಹುಡುಕಿಕೊಂಡು ಹೋದಂತಾಗುತ್ತದೆ. ಚೋಡಣ, ದಿವಾಡಿ ದ್ವೀಪಗಳ ಅಂಚಿನಲ್ಲಿ ಇಳಿತದಲ್ಲಿ ಕೆಸರು ಹತ್ತಿದರೆ ಎಂಜಿನ್ನನ್ನು ಒಡನೆ ನಿಲ್ಲಿಸಿ ಮೇಲೆತ್ತಿ. ರೇಗಿಸಿದಷ್ಟೂ ಅದು ಕೆಸರನ್ನು ತಂಪಿನ ಕೊಳವೆಗೆ ಹೀರಿಕೊಳ್ಳುತ್ತದೆ. ಬಂದ ದಾರಿಯಲ್ಲೇ ಹುಟ್ಟಿನಿಂದ ಹಿಂದಕ್ಕೆ ತಳ್ಳಿಕೊಳ್ಳಿ. ನೀರಿಗಿಳಿದು ತಳ್ಳುವ ಯೋಚನೆ ಬಂದರೆ, ಮಾಂಡವಿ-ಜುವಾರಿಗಳನ್ನು ಕೂಡಿಸುವ ಕುಂಬಾರ್ಜುವಾ ಕಾಲುವೆ ಮೊಸಳೆಗಳ ನೆಲೆಯೆಂಬುದನ್ನು ನೆನೆಯಬಹುದು.

ಮಾಂಡವಿ ಕಡಲು ಸೇರುವ ಆಗ್ವಾದದ ಅಳಿವೆಯನ್ನು ಮೊದಲ ವರ್ಷ ದಾಟಬೇಡಿ ಎಂಬುದು ನನ್ನ ಅಭಿಪ್ರಾಯ. ದಾಟುವ ದಿನ ಬಂದರೆ ಬೆಳಗಿನ ಹೊತ್ತು, ಉಬ್ಬರವಿರುವಾಗ ಹೋಗಿ. ಒಳಗೆ ಮರಳುವಾಗ ತೆರೆಯ ಬೆನ್ನ ಮೇಲೆ, ಅದರ ವೇಗದಲ್ಲೇ ಬರಬೇಕು. ತೆರೆಯನ್ನು ಹಿಂದಿಕ್ಕಿ ಇಳುಕಲಿಗೆ ಧುಮುಕಿದರೆ ಮೂತಿ ನೀರಿಗೆ ಚುಚ್ಚಿ ಹಿಂಬದಿ ಅಡ್ಡ ಬೀಸುತ್ತದೆ. ಮಳೆಗಾಲದ ಕಡಲು ಏನು ಮಾಡಬಲ್ಲದೆಂಬುದಕ್ಕೆ 2000ದ ಜೂನ್‌ನಲ್ಲಿ ಕಾಂದೋಳಿಯ ತೀರದ ಬಳಿ ನೆಲ ಹತ್ತಿದ ರಿವರ್ ಪ್ರಿನ್ಸೆಸ್ ಎಂಬ ಅದಿರಿನ ಹಡಗು ಒಂದು ದಶಕಕ್ಕೂ ಮೀರಿ ಅಲ್ಲೇ ಕುಳಿತು ಸಾಕ್ಷಿ ಹೇಳಿತು.

ಲಂಗರಿನ ಲೆಕ್ಕ ಸುಲಭ, ಆದರೆ ಹೆಚ್ಚಿನವರು ಹಗ್ಗದಲ್ಲಿ ಜಿಪುಣತನ ಮಾಡುತ್ತಾರೆ. ನೀರಿನ ಆಳ 4 ಮೀಟರ್, ನೀರಿನಿಂದ ಮೂತಿಯ ಎತ್ತರ 1 ಮೀಟರ್, ಮುಂದೆ ಏರಲಿರುವ ಉಬ್ಬರ 2 ಮೀಟರ್, ಒಟ್ಟು 7. ಅದರ ಐದರಷ್ಟು, ಅಂದರೆ 35 ಮೀಟರ್ ಹಗ್ಗ ಬಿಡಬೇಕು, ಲಂಗರಿನ ತುದಿಗೆ ಕೆಲವು ಮೀಟರ್ ಸರಪಳಿಯೂ ಇರಬೇಕು. ಲಂಗರನ್ನು ಎಸೆಯದೆ ಇಳಿಬಿಟ್ಟು, ಬೋಟನ್ನು ಹಿಂದಕ್ಕೆ ಸರಿಸುತ್ತ ಹಗ್ಗ ಕೊಟ್ಟು, ಕೊನೆಗೆ ಮೆಲ್ಲನೆಯ ರಿವರ್ಸ್‌ನಿಂದ ಅದನ್ನು ಕೆಸರಿಗೆ ಕಚ್ಚಿಸಿ. ದಡದ ಒಂದು ತೆಂಗಿನಮರವನ್ನೂ ಅದರ ಹಿಂದಿನ ಒಂದು ಗೋಡೆಯನ್ನೂ ಒಂದೇ ಗೆರೆಯಲ್ಲಿ ನೋಡಿಟ್ಟುಕೊಂಡರೆ, ಅವು ಒಂದನ್ನೊಂದು ಬಿಟ್ಟು ಸರಿಯುವುದು ಕಂಡಾಗ ಲಂಗರು ಜಾರುತ್ತಿದೆಯೆಂದು ತಿಳಿಯುತ್ತದೆ. ಲಂಗರಿನ ಹಗ್ಗವನ್ನು ಎಂದೂ ಹಿಂಬದಿಗೆ ಕಟ್ಟಬಾರದು. ಎಂಜಿನ್ನಿನ ಭಾರದಿಂದ ಮೊದಲೇ ತಗ್ಗಿರುವ ಹಿಂಬದಿಯನ್ನು ಹರಿವು ಇನ್ನಷ್ಟು ಜಗ್ಗಿ ನೀರು ಒಳನುಗ್ಗುತ್ತದೆ.

ಯಾರಾದರೂ ನೀರಿಗೆ ಬಿದ್ದರೆ, ಬಿದ್ದ ಪಕ್ಕಕ್ಕೇ ಚಕ್ರವನ್ನು ತಿರುಗಿಸಿ. ಬೋಟು ಅವರ ಮೇಲೆ ಹೋಗುವುದಿಲ್ಲವೇ ಎಂದು ಕೇಳುವವರು ಹಿಂಬದಿಯಿಂದ ತಿರುಗುವ ಮಾತನ್ನು ನೆನಪಿಸಿಕೊಳ್ಳಬೇಕು: ಹಾಗೆ ಮಾಡಿದಾಗ ಪ್ರೊಪೆಲರ್ ಅವರಿಂದ ದೂರಕ್ಕೆ ಬೀಸುತ್ತದೆ. ಒಬ್ಬರು ಬಿದ್ದವರತ್ತ ಬೆರಳು ಚಾಚಿ ಕಣ್ಣು ಕದಲಿಸದೆ ನಿಲ್ಲಬೇಕು, ಇನ್ನೊಬ್ಬರು ತೇಲುವಂಥದ್ದೇನನ್ನಾದರೂ ಎಸೆಯಬೇಕು. ಕ್ಯಾನಿನ ಪಕ್ಕಕ್ಕೆ ಬಂದಂತೆಯೇ ಎದುರು ಹರಿವಿನಲ್ಲಿ ಬಂದು, ಅವರು ಕೈಗೆ ಸಿಗುವ ಮೊದಲು ಎಂಜಿನ್ ನಿಲ್ಲಿಸಿ, ನ್ಯೂಟ್ರಲ್ ಸಾಲದು. ಕೈಮೀರಿದರೆ ಕೋಸ್ಟ್ ಗಾರ್ಡಿನ ಸಂಖ್ಯೆ 1554. ವಿಎಚ್‌ಎಫ್ ರೇಡಿಯೊ ಇದ್ದರೆ ಚಾನೆಲ್ 16.

ಮರಳಿ ಬಂದು ಕಟ್ಟುವಾಗ ಇಳಿತಕ್ಕೆ ಹಗ್ಗ ಉಳಿಸಬೇಕು. ನಾವೊಮ್ಮೆ ಉಬ್ಬರ ತುಂಬಿದ ಹೊತ್ತಿನಲ್ಲಿ ಕಲ್ಲಿನ ದಕ್ಕೆಗೆ ಬಿಗಿಯಾಗಿ ಕಟ್ಟಿ ಊಟಕ್ಕೆ ಹೋದೆವು. ಮೀನಿನೂಟ, ಸೋಲ್ಕಡಿ, ಮೇಲೊಂದಿಷ್ಟು ಹರಟೆ ಮುಗಿಸಿ ನಾಲ್ಕು ತಾಸಿಗೆ ಬಂದು ನೋಡಿದರೆ ನೀರು ಕೆಳಗಿಳಿದಿತ್ತು, ಬೋಟಿನ ಒಂದು ಪಕ್ಕ ಮಾತ್ರ ಹಗ್ಗಕ್ಕೆ ಜೋತು ಮೇಲೆಯೇ ಇತ್ತು. ಗಂಟು ಎಷ್ಟು ಬಿಗಿದಿತ್ತೆಂದರೆ ಹಗ್ಗವನ್ನು ಕತ್ತರಿಸಬೇಕಾಯಿತು. ತೇಲುವ ಜೆಟ್ಟಿಯಲ್ಲಿ ಈ ತಾಪತ್ರಯವಿಲ್ಲ. ಕಲ್ಲಿನ ದಕ್ಕೆಯಲ್ಲಾದರೆ ಮುಂದಿನ ಮತ್ತು ಹಿಂದಿನ ಹಗ್ಗಗಳನ್ನು ದೂರದ ಗೂಟಗಳಿಗೆ ಉದ್ದವಾಗಿ, ಓರೆಯಾಗಿ ಕಟ್ಟಿ. ಬೋಟನ್ನು ದಡಕ್ಕೆಳೆದ ಮೇಲೆ ಕಿವಿಕಪ್ಪಿನಂಥ ಮಫ್ ಸಿಕ್ಕಿಸಿ ಎಂಜಿನ್ನಿಗೆ ಹತ್ತು ನಿಮಿಷ ಸಿಹಿನೀರು ಹಾಯಿಸಿದರೆ ಒಳಗೆ ಉಪ್ಪು ಕಟ್ಟುವುದಿಲ್ಲ.